ಚನ್ನಯ್ಯನ ಸ್ಕ್ರೂ, ಗಣಪತಿಯ ಬಲಗಡೆ

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿದು ಇನ್ನೇನು ಕಾಡು ಶುರುವಾಗಬೇಕು ಎನ್ನುವಲ್ಲಿ ನಮ್ಮ ಗಣಪತಿಯ ಗುಡಿ ಇದೆ. ಪೂಜೆ ನನ್ನದು. ರಸ್ತೆಯ ಆಚೆ ಬದಿಗೆ ಚನ್ನಯ್ಯನ ಗ್ಯಾರೇಜು. ಗುಡಿಯ ಗಂಟೆ ಅವನಿಗೆ ಕೇಳುತ್ತದೆ, ಅವನ ಸುತ್ತಿಗೆ ದೇವರಿಗೆ ಕೇಳುತ್ತದೆ. ಭಟ್ಟರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ನನ್ನ ಬಗ್ಗೆ ಹೇಳುವುದುಂಟು. ಸುಳ್ಳಲ್ಲ. ಆದರೆ ಆ ಸಿಟ್ಟಿನಲ್ಲಿ ಅರ್ಧ ಪಾಲು ಚನ್ನಯ್ಯ ಬೆಳೆಸಿದ್ದು.

ಯಾಕೆಂದರೆ ಅವನ ಬಾಯಿಂದ ಒಂದು ನೆಟ್ಟಗಿನ ಉತ್ತರ ಬರುತ್ತಿರಲಿಲ್ಲ. ಬೆಳಿಗ್ಗೆ ನನ್ನ ಎಂ-ಎಯ್ಟಿ ಗಾಡಿ ಸ್ಟಾರ್ಟ್ ಆಗದಿದ್ದರೆ ತಳ್ಳಿಕೊಂಡು ಅವನ ಹತ್ತಿರ ಹೋಗುತ್ತಿದ್ದೆ.

"ಎಂತ ಆಯ್ತೋ ಇದಕ್ಕೆ?"

"ಪ್ಲಗ್ ಇರಬಹುದ್ರಿ ಭಟ್ರ."

"ಪ್ಲಗ್ಗೋ?"

"ಪ್ಲಗ್ ಅಲ್ದನೂ ಇರಬಹುದ್ರಿ."

ತೋಟದವರಿಗೆ ಇಂಥ ಉತ್ತರ ಹಿಡಿಸುವುದಿಲ್ಲ. ಅಡಿಕೆಯ ದರ ನಾಳೆ ಏರುತ್ತದೋ ಇಳಿಯುತ್ತದೋ ಎಂದು ಕೇಳಿದರೂ ಎದೆ ತಟ್ಟಿ ಹೇಳುವ ಜನ ನಮ್ಮವರು. ತಪ್ಪಾದರೂ ಅಡ್ಡಿಯಿಲ್ಲ, ಖಚಿತವಾಗಿ ಹೇಳಬೇಕು. ಚನ್ನಯ್ಯ ಮಾತ್ರ ಸ್ಪ್ಯಾನರ್ ಕೈಯಲ್ಲಿ ಹಿಡಿದು, ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಮನಸ್ಸಿನಲ್ಲಿ ಏನಿದೆಯೋ ಎಂದು ಯೋಚಿಸುತ್ತಿದ್ದ.

ಅವನು ಗುಡ್ನಾಪುರದವನು. ಬನವಾಸಿಯ ಸೈಕಲ್ ಅಂಗಡಿಯೊಂದರಲ್ಲಿ ಕೆಲಸ ಕಲಿತು, ತೊಂಬತ್ತರ ದಶಕದ ಶುರುವಿನಲ್ಲಿ ಶಿರಸಿಗೆ ಬಂದ. ಅಪ್ಪ ಅವ್ವ ಒಂದೇ ವರ್ಷದಲ್ಲಿ ತೀರಿಕೊಂಡಿದ್ದರು. ಜೊತೆಗೆ ತಮ್ಮ ವಿನೋದನನ್ನು ಕರೆತಂದಿದ್ದ. ತಮ್ಮ ಅವನಿಗಿಂತ ಬಹಳ ಚಿಕ್ಕವನು. ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿ, ಆಮೇಲೆ ಗ್ಯಾರೇಜಿನ ಬಾಗಿಲು ತೆಗೆಯುವುದು ಚನ್ನಯ್ಯನ ದಿನಚರಿಯಾಗಿತ್ತು. ತನಗೆ ಮದುವೆ ಆಗಲಿಲ್ಲ. ಒಮ್ಮೆ ಹಾವೇರಿ ಕಡೆ ಹೆಣ್ಣು ನೋಡಿ ಬಂದ. ಹುಡುಗಿ ಹೇಗಿದ್ದಾಳೆಂದು ನಾನು ಕೇಳಿದೆ. "ಚಲೋ ಅದಾಳ್ರಿ. ಆದ್ರ ನಾ ಅಕಿಗೆ ಚಲೋ ಅದೀನೋ ಇಲ್ಲೋ ತಿಳೀವಲ್ದು" ಎಂದ. ಅದನ್ನು ಅವನು ತಿಳಿದುಕೊಳ್ಳುವಷ್ಟರಲ್ಲಿ ಹುಡುಗಿಯ ಮದುವೆ ಬೇರೆಯವನ ಜೊತೆ ಆಗಿಹೋಗಿತ್ತು.

ಒಂದು ಕೆಲಸದಲ್ಲಿ ಮಾತ್ರ ಅವನ ಹೆಸರು ಯಲ್ಲಾಪುರದವರೆಗೆ ಹೋಗಿತ್ತು. ಅದು ಶಾಕಪ್. ಅಂದರೆ ಗಾಡಿಯ ಶಾಕ್ ಅಬ್ಸಾರ್ಬರ್. ಹೊಂಡಕ್ಕೆ ಬಿದ್ದಾಗ ಶಾಕಪ್ ಅದುಮಿಕೊಳ್ಳುವುದು ಎಲ್ಲರಿಗೂ ಗೊತ್ತು. ಅದುಮಿದ್ದು ವಾಪಸು ಏಳಬೇಕಲ್ಲ, ಅದು ಹೇಗೆ ಏಳುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಚನ್ನಯ್ಯ ಯೋಚಿಸುತ್ತಿದ್ದ. ಸೀಟಿನ ಹಿಂಬದಿಯ ಮೇಲೆ ಎರಡೂ ಅಂಗೈ ಇಟ್ಟು, ಕಣ್ಣು ಮುಚ್ಚಿ, ಒತ್ತಿ ಬಿಡುತ್ತಿದ್ದ. ಚಂಗನೆ ಎದ್ದರೆ ಒಳಗಿನ ಎಣ್ಣೆ ತೆಳುವಾಗಿದೆ, ಹೊಂಡ ದಾಟಿದ ಮೇಲೆ ಗಾಡಿ ಒದೆಯುತ್ತದೆ. ಮುದುಕರು ಮೊಣಕಾಲಿಗೆ ಕೈಕೊಟ್ಟು ಏಳುವ ಹಾಗೆ ಎದ್ದರೆ ಎಣ್ಣೆ ದಪ್ಪವಾಗಿದೆ, ಒಂದು ಹೊಂಡದಿಂದ ಏಳುವುದರೊಳಗೆ ಮುಂದಿನ ಹೊಂಡ ಬಂದಿರುತ್ತದೆ. ಮತ್ತಿಘಟ್ಟದ ಇಳಿಜಾರಿನಲ್ಲಿ ಅಡಿಕೆ ಚೀಲ ಹೇರಿಕೊಂಡು ಬರುವವರೆಲ್ಲ ತಮ್ಮ ಗಾಡಿಯನ್ನು ಇವನ ಅಂಗೈ ಕೆಳಗೆ ತಂದು ನಿಲ್ಲಿಸುತ್ತಿದ್ದರು. ಬಾಯಿ ಏನೇ ಗೊಂದಲ ಹೇಳಲಿ, ಆ ಅಂಗೈ ಹೇಳಿದ್ದು ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ವಿನೋದ ಬೆಳೆದ. ಅಣ್ಣನ ಜೊತೆ ಗ್ಯಾರೇಜಿಗೇ ಸೇರಿದ. ಅವನಿಗೆ ಗೊಂದಲ ಎನ್ನುವುದೇ ಇರಲಿಲ್ಲ. ಅಣ್ಣನ ಪಾಲಿನ ಧೈರ್ಯವನ್ನೂ ತಾನೇ ತೆಗೆದುಕೊಂಡು ಹುಟ್ಟಿದವನು. ಮದುವೆಯಾಗಿ ಗೀತಾ ಮನೆಗೆ ಬಂದಳು. ಗ್ಯಾರೇಜಿನ ಹಿಂದೆಯೇ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಇದ್ದಕ್ಕಿದ್ದಂತೆ ಒಂದು ದಿನ ವಿನೋದ ಗೋವಾ ಕಡೆಯಿಂದ ಒಂದು ಹಳೇ ಜಪಾನಿ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಇದು ನಡೆದದ್ದು ಎರಡು ಸಾವಿರದ ಐದನೇ ಇಸವಿಯ ಸುಮಾರಿಗೆ. ಲೈಟಿಲ್ಲ, ಹಾರನ್ನಿಲ್ಲ, ಸೀಟು ನನ್ನ ಸೊಂಟದ ಎತ್ತರ. ಮಣ್ಣಿನಲ್ಲಿ, ದಿಬ್ಬದಲ್ಲಿ ಹಾರಿಸುವುದಕ್ಕೆಂದೇ ಮಾಡಿದ ಗಾಡಿಯಂತೆ.

"ಇದರ ಮೇಲೆ ಎಲ್ಲಿಗೆ ಹೋಗೂದೋ?" ಎಂದು ಕೇಳಿದೆ.

"ಎಲ್ಲಿಗೂ ಇಲ್ರಿ ಭಟ್ರ. ಗದ್ದ್ಯಾಗ ಸುತ್ತು ಹಾಕೂದು" ಎಂದ. ಸುತ್ತು ಹಾಕುವುದಾದರೆ ನಮ್ಮ ಗುಡಿಗೇ ಹಾಕಬಹುದಿತ್ತು, ಪುಣ್ಯವಾದರೂ ಬರುತ್ತಿತ್ತು ಎಂದೆ. ಅವನು ನಕ್ಕ.

ಆಗ ನಮ್ಮ ಕಡೆ ಕೊಯ್ಲಾದ ಗದ್ದೆಗಳಲ್ಲಿ ಬೈಕ್ ರೇಸು ನಡೆಸುವ ಹುಚ್ಚು ಶುರುವಾಗಿತ್ತು. ಬದುವಿನ ಮೇಲೆ ಮಣ್ಣು ಪೇರಿಸಿ ದಿಬ್ಬ ಮಾಡುವುದು, ಅದರ ಮೇಲಿಂದ ಗಾಡಿ ಹಾರಿಸುವುದು, ಮೈಕಿನಲ್ಲಿ ಒಬ್ಬ ಕೂಗುವುದು. ಚನ್ನಯ್ಯನಿಗೆ ರೇಸು ಬೇಡವಾಗಿತ್ತು, ಆದರೆ ಗಾಡಿ ಬೇಕಾಗಿತ್ತು. ಅದರ ಹಿಂದಿನ ಶಾಕಪ್ಪಿನ ತಳದಲ್ಲಿ ಒಂದು ಪುಟ್ಟ ಸ್ಕ್ರೂ ಇತ್ತು. ಒಳಕ್ಕೆ ತಿರುಗಿಸಿದರೆ ಗಾಡಿಯ ಹಿಂಭಾಗ ನಿಧಾನ ಏಳುತ್ತದೆ, ಹೊರಕ್ಕೆ ತಿರುಗಿಸಿದರೆ ಚಂಗನೆ ಏಳುತ್ತದೆ. ಎಣ್ಣೆ ಬದಲಿಸುವ ರಗಳೆಯೇ ಇಲ್ಲ. ಇಷ್ಟು ವರ್ಷ ತಾನು ಅಂಗೈಯಲ್ಲಿ ಹುಡುಕುತ್ತಿದ್ದದ್ದಕ್ಕೆ ಜಪಾನಿನಲ್ಲಿ ಯಾರೋ ಒಂದು ಸ್ಕ್ರೂ ಇಟ್ಟುಬಿಟ್ಟಿದ್ದಾರೆಂದು ಅವನು ನನಗೆ ತೋರಿಸಲು ಗುಡಿಯಿಂದ ಎಳೆದುಕೊಂಡು ಹೋದ. ಮಡಿಯಲ್ಲಿದ್ದೇನೆ ಮಾರಾಯ ಎಂದರೂ ಕೇಳಲಿಲ್ಲ. ದೂರದಲ್ಲಿ ನಿಂತು ನೋಡಿದೆ. ತಿರುಗಿಸಿದಾಗ ಸಣ್ಣಗೆ ಕಟ್ ಕಟ್ ಎಂದಿತು. ಚನ್ನಯ್ಯನ ಮುಖ ಅರಳಿತ್ತು. ವಿನೋದನೂ ಗೀತಾಳೂ ಪಕ್ಕದಲ್ಲಿದ್ದರು. ತೋರಿಸುವುದಕ್ಕೆಂದು ಚನ್ನಯ್ಯ ಸ್ಕ್ರೂವನ್ನು ಪೂರ್ತಿ ಹೊರಕ್ಕೆ ಬಿಟ್ಟು, ಒಂದು ಸುತ್ತು ಹೋಗಿ ಬಾ ಎಂದು ತಮ್ಮನನ್ನು ಕಳಿಸಿದ. ಹೋದಷ್ಟೇ ಬೇಗ ವಿನೋದ ವಾಪಸು ಬಂದ. "ಕತ್ತೆ ಒದ್ದಂಗ ಒದೀತೈತಿ. ಇವತ್ತ್ ಬ್ಯಾಡ" ಎಂದು ಗಾಡಿ ನಿಲ್ಲಿಸಿ ಊಟಕ್ಕೆ ಹೋದ. ಚನ್ನಯ್ಯ ನಗುತ್ತ ಸ್ಕ್ರೂವನ್ನು ತನ್ನ ಅಂಗೈ ಒಪ್ಪುವಲ್ಲಿಗೆ ತಂದಿಟ್ಟ.

ಆಮೇಲೆ ಶುರುವಾಯಿತು ನೋಡಿ ತಾಪತ್ರಯ.

ಸಂಜೆ ಚನ್ನಯ್ಯ ಸೀಟು ಒತ್ತಿ ನೋಡುತ್ತಾನೆ, ಎಲ್ಲ ಸರಿ ಇದೆ. ಬೆಳಿಗ್ಗೆ ಅವನು ಏಳುವ ಮೊದಲೇ ವಿನೋದ ಗಾಡಿ ಒಯ್ದು ಗದ್ದೆಯಲ್ಲಿ ಓಡಿಸುತ್ತಾನೆ. ಬಂದವನು "ಒದೀತೈತಿ ಅಣ್ಣಾ" ಎನ್ನುತ್ತಾನೆ. ಚನ್ನಯ್ಯ ನೋಡಿದರೆ ಸ್ಕ್ರೂ ಹೊರಕ್ಕೆ ಬಂದಿರುತ್ತದೆ. ಇನ್ಯಾರಾದರೂ ಆಗಿದ್ದರೆ ಇದನ್ನು ಯಾರು ಮುಟ್ಟಿದ್ದು ಎಂದು ಕೂಗಾಡುತ್ತಿದ್ದರು. ನಾನಾಗಿದ್ದರೆ ಬೀದಿಯವರಿಗೆಲ್ಲ ಬಯ್ದು ಬರುತ್ತಿದ್ದೆ. ಚನ್ನಯ್ಯ ಅನುಮಾನಪಟ್ಟದ್ದು ತನ್ನ ಮೇಲೆಯೇ. ಹಳೇ ಗಾಡಿ, ಓಡುವಾಗ ನಡುಗಿ ನಡುಗಿ ಸ್ಕ್ರೂ ತಾನಾಗಿ ಸಡಿಲ ಆಗುತ್ತದೋ? ಅಥವಾ ತಳದಲ್ಲಿರುವ ಸ್ಕ್ರೂವನ್ನು ಬಗ್ಗಿ ನೋಡುವಾಗ ಒಳಗು ಹೊರಗು ತಿಳಿಯದೆ ತಾನೇ ಉಲ್ಟಾ ತಿರುಗಿಸಿದೆನೋ? ಸಂಜೆ ಸರಿ ಎಂದ ಅಂಗೈ ಬೆಳಿಗ್ಗೆ ತಪ್ಪಾದರೆ, ಆ ಅಂಗೈಯನ್ನು ನಂಬುವುದು ಹೇಗೆ?

ಆ ಜನವರಿಯಲ್ಲಿ ವಿನೋದ ಬಿದ್ದ. ಗೆಳೆಯರು ನೋಡಲು ಬಂದಿದ್ದರಂತೆ. ಗಾಡಿ ಒದೆಯುತ್ತಿದ್ದರೂ ಅವರ ಮುಂದೆ ನಿಲ್ಲಿಸಲು ಇವನಿಗೆ ನಾಚಿಕೆ. ದಿಬ್ಬದಿಂದ ಇಳಿದಾಗ ಹಿಂಭಾಗ ಎಗರಿ ಇವನನ್ನು ತಲೆಯ ಮೇಲಿಂದ ಒಗೆಯಿತು. ಬಲ ಭುಜ ಕಳಚಿ, ಮೂಳೆ ಸೀಳಿತು. ಹುಬ್ಬಳ್ಳಿಯ ಡಾಕ್ಟರು ಕೂಡಿಸಿ ಕಟ್ಟಿದರು. ಇದೇ ಭುಜಕ್ಕೆ ಇನ್ನೊಮ್ಮೆ ಪೆಟ್ಟು ಬಿದ್ದರೆ ಕೈ ಎತ್ತಲು ಬರುವುದಿಲ್ಲ, ನೆನಪಿಟ್ಟುಕೋ ಎಂದರು. ಸ್ಪ್ಯಾನರ್ ಹಿಡಿದು ಬದುಕುವವನಿಗೆ ಬಲಗೈ ಎತ್ತಲು ಬಾರದಿದ್ದರೆ ಉಳಿಯುವುದೇನು? ಗೀತಾ ಅತ್ತಳು, ಬೇಡಿಕೊಂಡಳು, ಎರಡು ದಿನ ಉಂಡಿರಲಿಲ್ಲ ಎಂದೂ ಕೇಳಿದೆ. ವಿನೋದ ಪಟ್ಟಿ ಬಿಚ್ಚಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಏಪ್ರಿಲಿನಲ್ಲಿ ಗುಡ್ನಾಪುರದ ಹತ್ತಿರ ನಡೆಯುವ ರೇಸಿಗೆ ಹೆಸರು ಕೊಟ್ಟದ್ದು. ಹುಟ್ಟಿದ ಊರಿನ ಜನರೆದುರು ಬೀಳದೆ ಸುತ್ತು ಮುಗಿಸಿ ತೋರಿಸಬೇಕು ಎಂದು ಅವನ ಹಟ. ಕುಣಿಯಲಾರದವನಿಗೆ ನೆಲ ಡೊಂಕು ಎಂದು ಅಲ್ಲಿ ಯಾರೋ ಆಡಿಕೊಂಡಿದ್ದರಂತೆ.

ಅಣ್ಣ ಬೇಡ ಎನ್ನಬಹುದಿತ್ತು. ಅಂದ ಕೂಡ. ಆದರೆ ಅವನು ಅನ್ನುವುದು ಹೇಗೆಂದರೆ, "ಬ್ಯಾಡ ಅನಸ್ತೈತಪಾ. ಆದ್ರ ನಿಂಗ ಬೇಕಂದ್ರ ಏನ್ ಹೇಳ್ಲಿ." ಇಂಥ ಬೇಡಕ್ಕೆ ಯಾರು ನಿಲ್ಲುತ್ತಾರೆ? ಕೊನೆಗೆ ಚನ್ನಯ್ಯನಿಗೆ ಉಳಿದದ್ದು ಒಂದೇ, ಆ ಸ್ಕ್ರೂವನ್ನು ಸರಿಯಾದಲ್ಲಿ ಇಡುವುದು. ತಮ್ಮನ ಬಲಗೈ ಉಳಿಯುವುದು ಆ ಸ್ಕ್ರೂವಿನ ಮೇಲೆ ನಿಂತಿತ್ತು. ಭುಜ ಕೂಡಿದ ಮೇಲೆ ವಿನೋದ ಮತ್ತೆ ಗದ್ದೆಗೆ ಇಳಿದ, ಗಾಡಿ ಮತ್ತೆ ಒದೆಯತೊಡಗಿತು. ಗ್ಯಾರೇಜಿಗೆ ಬಂದವರೆಲ್ಲ ಒಂದೊಂದು ಹೇಳಿದರು. ಸ್ಪ್ರಿಂಗ್ ಬದಲಿಸು, ಗಾಳಿ ಇಳಿಸು, ಗಾಡಿಯನ್ನೇ ಬದಲಿಸು. ಚನ್ನಯ್ಯ ಎಲ್ಲರಿಗೂ ಹೌದು ಎನ್ನುತ್ತ ದಿನದಿಂದ ದಿನಕ್ಕೆ ಬತ್ತಿಹೋದ. ನನ್ನ ಎಂ-ಎಯ್ಟಿಯ ಸೀಟು ಒತ್ತಿ ನೋಡುವಾಗಲೂ ಅವನ ಕೈ ಹಿಂಜರಿಯುತ್ತಿತ್ತು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಆದ್ದರಿಂದ ಇನ್ನೂ ಜೋರಾಗಿ ಬಯ್ದೆ.

ನಮ್ಮ ಗಣಪತಿಯಲ್ಲಿ ಪ್ರಸಾದ ಕೇಳುವ ಪದ್ಧತಿ ಇದೆ. ಕಲ್ಲಿನ ಮೂರ್ತಿಗೆ ನೀರು ಹಚ್ಚಿ, ಎರಡೂ ಭುಜಗಳ ಮೇಲೆ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳು ಅಂಟಿಸುತ್ತೇನೆ. ಕೇಳುವವರು ಕೈಮುಗಿದು ನಿಂತು ತಮ್ಮ ಪ್ರಶ್ನೆ ನೆನೆಸಿಕೊಳ್ಳಬೇಕು. ಬಾಯಿಬಿಟ್ಟು ಹೇಳಬೇಕೆಂದಿಲ್ಲ, ಮನಸ್ಸಿನಲ್ಲಿ ಕೇಳಿಕೊಂಡರೂ ನಡೆಯುತ್ತದೆ. ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮದುವೆ, ಜಾಗ, ಕಳೆದುಹೋದ ಎಮ್ಮೆ, ಎಲ್ಲದಕ್ಕೂ ಕೇಳುತ್ತಾರೆ. ದೇವರಿಗೆ ಬೇರೆ ಕೆಲಸ ಇಲ್ಲವೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ರೇಸಿನ ವಾರ, ಮಂಗಳವಾರದ ದಿನ ಗೀತಾ ಬಂದಳು. ಒಂದು ಪ್ರಸಾದ ಕೇಳಬೇಕ್ರಿ ಎಂದಳು. ಏನೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಸಳು ಹಚ್ಚಿದೆ. ಬಹಳ ಹೊತ್ತು ಬೀಳಲಿಲ್ಲ. ಆಮೇಲೆ ಬಲಗಡೆಯದು ಬಿತ್ತು. "ಬಲಪ್ರಸಾದ ಆಯ್ತು ನೋಡು ತಂಗಿ, ನಿನ್ನ ಕೆಲಸ ಆಗ್ತದೆ" ಎಂದೆ. ಬಲಪ್ರಸಾದ ಸಿಕ್ಕವರು ನಗುತ್ತಾರೆ. ಇವಳು ಎಸಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಮುಖ ಸಣ್ಣ ಮಾಡಿಕೊಂಡು ಹೋದಳು. ನನಗೆ ಅರ್ಥವಾಗಲಿಲ್ಲ.

ಶನಿವಾರ ಬೆಳಿಗ್ಗೆ ಚನ್ನಯ್ಯ ಸ್ನಾನ ಮಾಡಿ ಬಂದ. ಕೈಯ ಗ್ರೀಸು ಮಾತ್ರ ಪೂರ್ತಿ ಹೋಗಿರಲಿಲ್ಲ.

"ಭಟ್ರ, ಸ್ಕ್ರೂ ಒಳಕ್ಕ ತಿರುವ್ಲೋ ಹೊರಕ್ಕ ತಿರುವ್ಲೋ ಕೇಳ್ರಿ."

"ಹಾಗೆಲ್ಲ ಕೇಳೂಕೆ ಬರೂದಿಲ್ಲ ಮಾರಾಯ. ಹೌದೋ ಅಲ್ಲವೋ ಅನ್ನೂ ಹಂಗೆ ಕೇಳು."

ಅವನು ತನ್ನ ಸಂಕಟ ಬಿಡಿಸಿ ಹೇಳಿದ. ದಿನಾ ಸಂಜೆ ಒತ್ತಿ ನೋಡಿದಾಗ ಸರಿ ಇರುತ್ತದೆ. ಓಡುವಾಗ ಸ್ಕ್ರೂ ಸಡಿಲಾಗುತ್ತದೆ ಎನ್ನುವುದೇ ನಿಜವಾದರೆ, ಮೊದಲೇ ಇನ್ನಷ್ಟು ಒಳಕ್ಕೆ ತಿರುಗಿಸಿ ಬಿಗಿಯಾಗಿ ಇಡಬೇಕು. ಆದರೆ ಸಡಿಲಾಗದೇ ಹೋದರೆ? ಆಗ ಹಿಂಭಾಗ ನಿಧಾನ ಏಳುತ್ತದೆ, ಮುಂದಿನ ದಿಬ್ಬಕ್ಕೆ ನೆಟ್ಟಗೆ ಕುಟ್ಟುತ್ತದೆ, ಆಗಲೂ ವಿನೋದ ಬೀಳುತ್ತಾನೆ. ಅತ್ತ ದರಿ, ಇತ್ತ ಪುಲಿ. ಕೇಳಿ ನನ್ನ ತಲೆಯೂ ಕಟ್ ಕಟ್ ಎಂದಿತು. "ಇನ್ನೂ ಒಳಕ್ಕೆ ತಿರುಗಿಸಲಾ ಅಂತ ಕೇಳ್ಕೋ, ಮುಗೀತು" ಎಂದು ಎಸಳು ಹಚ್ಚಿದೆ.

ಈ ಸಲ ಕೂಡಲೇ ಬಿತ್ತು. "ಬಲ!" ಎಂದೆ.

ಚನ್ನಯ್ಯ ಬಗ್ಗಿ ನೋಡಿದ. "ಯಾರ ಬಲರಿ? ಈ ಕಡೆ ನಮ್ಗ ಎಡಾ ಆಕ್ಕೇತಲ್ರಿ."

"ದೇವರ ಬಲವೋ! ಗಣಪತಿ ನಮ್ಮ ಕಡೆ ಮುಖ ಮಾಡಿ ಕೂತಿದ್ದಾನೆ. ಅವನ ಬಲ ನಮಗೆ ಎಡ."

"ಸ್ಕ್ರೂನೂ ಹಂಗಾ ಐತ್ರಿ. ಮ್ಯಾಲಿಂದ ಬಲ ಅನಸ್ತೈತಿ, ಕೆಳಗಿಂದ ನೋಡಿದ್ರ ಎಡ."

"ಹೌದು ಅಂದಿದ್ದಾನೆ ದೇವರು! ಒಳಕ್ಕೆ ತಿರುಗಿಸು, ಅಷ್ಟೆ!"

"ಆತ್ರಿ." ಬಾಗಿಲವರೆಗೆ ಹೋಗಿ ತಿರುಗಿದ. "ಎಷ್ಟ್ ಅಂತ ಹೇಳ್ಲಿಲ್ಲಲ್ರಿ ದೇವ್ರು?"

ನಾನು ಕೂಗಿದ್ದು ಮನೆಯವರೆಗೂ ಕೇಳಿಸಿರಬೇಕು. ನನ್ನ ಹೆಂಡತಿ ಸುಬ್ಬಲಕ್ಷ್ಮಿ ಒಳಗಿಂದ ಬಂದು, "ಎಂತಕ್ಕೆ ಬೈತ್ರಿ ಅವಂಗೆ? ಗೊತ್ತಿದ್ರೆ ಅಂವ ಇಲ್ಲಿಗೆ ಬತ್ತಿದ್ನಿಲ್ಲೆ" ಎಂದಳು. ನನಗೆ ನಾಚಿಕೆಯಾಯಿತು. ಒಂದು ಚಿಟಿಕೆ ಕುಂಕುಮ ಕೊಟ್ಟು, ಇದನ್ನು ಸ್ಕ್ರೂವಿಗೆ ಹಚ್ಚು, ದೇವರಿದ್ದಾನೆ ಎಂದು ಸಮಾಧಾನ ಹೇಳಿದೆ. ಹೋಗುವಾಗ ಅವನು, ನಾಳೆ ನೀವೂ ಬರಬೇಕು, ಪ್ರಸಾದ ಕಂಡವರು ಒಬ್ಬರು ಜೊತೆಗಿರಲಿ ಎಂದ. ಒಲ್ಲೆ ಎನ್ನಲು ಬಾಯಿ ಬರಲಿಲ್ಲ.

ಭಾನುವಾರ ಬೆಳಗಿನ ಪೂಜೆ ಮುಗಿಸಿ ಟೆಂಪೋ ಹತ್ತಿದೆ. ಗಾಡಿಯನ್ನು ಹಿಂದೆ ನಿಲ್ಲಿಸಿ ಹಗ್ಗದಿಂದ ಬಿಗಿದಿದ್ದರು. ಗುಡ್ನಾಪುರದ ಕೆರೆ ದಾಟಿ ಗದ್ದೆಗೆ ಹೋದರೆ ಆಗಲೇ ಜನ ಸೇರಿತ್ತು, ಮೈಕು ಕೂಗುತ್ತಿತ್ತು. ವಿನೋದ ಗಾಡಿ ಇಳಿಸಿ, ನಂಬರು ಕಟ್ಟಿಸಿಕೊಂಡು ಬರುತ್ತೇನೆಂದು ಹೋದ. ಟೆಂಪೋದ ಹಿಂದೆ ಚನ್ನಯ್ಯ, ಗೀತಾ, ನಾನು ಉಳಿದೆವು.

ಚನ್ನಯ್ಯ ಗಾಡಿಯ ಕೆಳಗೆ ಬಗ್ಗಿದವನು ಹಾಗೇ ನಿಂತುಬಿಟ್ಟ.

ನಾನು ಕೊಟ್ಟ ಕುಂಕುಮವನ್ನು ಅವನು ಎಣ್ಣೆಯಲ್ಲಿ ಕಲಸಿ, ಸ್ಕ್ರೂವಿನ ಮೇಲೂ ಅದರ ಪಕ್ಕದ ಲೋಹದ ಮೇಲೂ ಒಂದೇ ನೇರದಲ್ಲಿ ಗೆರೆ ಎಳೆದಿದ್ದನಂತೆ. ಸ್ಕ್ರೂ ಕದಲಿದರೆ ತಿಳಿಯಲಿ ಎಂದು. ಈಗ ಲೋಹದ ಮೇಲಿನ ಗೆರೆ ಅಲ್ಲೇ ಇತ್ತು, ಸ್ಕ್ರೂವಿನ ಮೇಲಿನದು ಬೇರೆ ಕಡೆ ತಿರುಗಿತ್ತು. ಅವನು ಮುಟ್ಟಿ ನೋಡಿದ. ಸ್ಕ್ರೂ ಪೂರ್ತಿ ಹೊರಕ್ಕೆ ಬಂದಿತ್ತು.

"ಗಾಡಿ ನಿನ್ನೆ ಸಂಜಿಂದ ಓಡಿಲ್ರಿ ಭಟ್ರ" ಎಂದ ಮೆಲ್ಲಗೆ. "ಟೆಂಪೋದಾಗ ಕಟ್ಟಿದ್ದು. ಓಡದ ಗಾಡಿ ನಡುಗೂದಿಲ್ಲ. ಇದನ್ನ ಯಾರೋ ತಿರುವ್ಯಾರ."

ಯಾರು ಎಂದು ನಾನು ಗದರುವ ಮೊದಲೇ ಗೀತಾ ಬಾಯಿಬಿಟ್ಟಳು.

"ನಾನಾ ತಿರುವೇನ್ರಿ ಭಾವಾರ."

ಹೊಲಿಗೆ ಯಂತ್ರದ ಜೊತೆ ಬರುವ ಪುಟ್ಟ ಸ್ಕ್ರೂಡ್ರೈವರು ಅವಳ ಹತ್ತಿರ ಇತ್ತು. ಮೊದಲ ದಿನ ಸ್ಕ್ರೂ ಪೂರ್ತಿ ಹೊರಗಿದ್ದಾಗ ವಿನೋದ ಇವತ್ತು ಬೇಡ ಎಂದು ಗಾಡಿ ನಿಲ್ಲಿಸಿ ಊಟಕ್ಕೆ ಬಂದದ್ದನ್ನು ಅವಳು ನೋಡಿದ್ದಳು. ತಾನು ಎಷ್ಟು ಬೇಡಿದರೂ ಆಗದ್ದನ್ನು ಒಂದು ಸ್ಕ್ರೂ ಮಾಡಿತ್ತು. ಅಂದಿನಿಂದ ಚನ್ನಯ್ಯ ಮಲಗಿದ ಮೇಲೆ ಅವಳು ತಿರುಗಿಸುತ್ತ ಬಂದಳು. ಗಾಡಿ ಸರಿ ಇಲ್ಲವೆಂದು ಗಂಡನಿಗೇ ಬೇಸರ ಬಂದು ಬಿಟ್ಟುಬಿಡಲಿ ಎಂದು.

"ಅವ್ರು ಬಿದ್ದ ದಿನಾನೂ ನಾನಾ ತಿರುವಿದ್ದೆ" ಎಂದಳು. "ಅಂದಿನಿಂದ ನನಗ ನಿದ್ದಿಲ್ರಿ. ನನ್ನಿಂದನ ಬಿದ್ರೋ, ನಾ ತಿರುವದಿದ್ರ ಇನ್ನೂ ಜೋರು ಓಡ್ಸಿ ಸತ್ತಾ ಹೋಗ್ತಿದ್ರೋ, ಒಂದೂ ತಿಳೀವಲ್ದು. ಅದಕ್ಕ ದೇವ್ರನ್ನ ಕೇಳಿದೆ, ಇದನ್ನ ಮಾಡ್ಕೋಂತ ಹೋಗ್ಲೇನು ಅಂತ. ಬಲಾ ಕೊಟ್ಟ."

ಇದೇ ವಾರದಲ್ಲಿ, ಇದೇ ಕೈಯಿಂದ ಹಚ್ಚಿದ ಎಸಳು. ಅವಳಿಗೆ ಹೊರಕ್ಕೆ ತಿರುಗಿಸು ಎಂದ ಗಣಪತಿ ಇವನಿಗೆ ಒಳಕ್ಕೆ ತಿರುಗಿಸು ಎಂದಿದ್ದ. ಇಬ್ಬರಿಗೂ ಹೌದು! ದೇವರ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಆಮೇಲೆ ಆ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೆಂದೂ ತಿಳಿಯಲಿಲ್ಲ. ಕೇಳಿದವರ ಮೇಲೋ, ಕೊಟ್ಟವನ ಮೇಲೋ, ಏನು ಕೇಳುತ್ತೀರೆಂದು ಕೇಳದೆ ಎಸಳು ಹಚ್ಚುವ ನಮ್ಮ ಪದ್ಧತಿಯ ಮೇಲೋ.

ಚನ್ನಯ್ಯ ಮಾತ್ರ ನಗುತ್ತಿದ್ದ.

"ಅಂದ್ರ ನನ್ನ ಕೈ ಸರಿ ಐತಿ!" ಎಂದ. ಕಣ್ಣಲ್ಲಿ ನೀರು ತುಂಬಿತ್ತು. "ಭಟ್ರ, ನನ್ನ ಕೈ ಸುಳ್ಳ ಹೇಳಿದ್ದಿಲ್ರಿ!"

ಅವನು ಸ್ಕ್ರೂಡ್ರೈವರು ತೆಗೆದ. ಗಣಪತಿ ಹೇಳಿದ ಹೆಚ್ಚಿನ ಬಿಗಿಯನ್ನೂ ಬಿಟ್ಟು, ಮೊದಲಿನಿಂದ ತನಗೆ ಸರಿ ಕಂಡಲ್ಲಿಗೇ ಸ್ಕ್ರೂ ತಂದ. ಸೀಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಒತ್ತಿ ಬಿಟ್ಟ. ಗಾಡಿ ಗಡಿಬಿಡಿಯಿಲ್ಲದೆ, ಆಲಸ್ಯವಿಲ್ಲದೆ ಎದ್ದು ನಿಂತಿತು. ನನಗೂ ಕಾಣಿಸಿತು ಅದು ಸರಿ ಇದೆ ಎಂದು. ಅಷ್ಟು ವರ್ಷದಲ್ಲಿ ಅವನ ಮುಖದಲ್ಲಿ ಅನುಮಾನ ಇಲ್ಲದ್ದನ್ನು ಅವತ್ತು ನೋಡಿದೆ.

ಕಣ್ಣು ತೆರೆದಾಗ ಅವನೆದುರು ಗೀತಾ ಇದ್ದಳು. ಅವಳು ಗಾಡಿಯನ್ನು ನೋಡುತ್ತಿರಲಿಲ್ಲ. ಆಚೆಗೆ, ನಂಬರು ಕಟ್ಟಿಸಿಕೊಳ್ಳಲು ಒಂದೇ ಕೈ ಎತ್ತಿ ನಿಂತಿದ್ದ ಗಂಡನನ್ನು ನೋಡುತ್ತಿದ್ದಳು. ಬಲಗೈ ಅವನಿಗೆ ಇನ್ನೂ ಪೂರ್ತಿ ಏಳುತ್ತಿರಲಿಲ್ಲ. ಗಾಡಿ ಸರಿಯಾಗಿದೆ, ಇನ್ನು ಅವನು ಓಡಿಸುತ್ತಾನೆ. ಇವತ್ತು ಬೀಳದಿದ್ದರೆ ಬರುವ ವರ್ಷವೂ ಓಡಿಸುತ್ತಾನೆ.

ಚನ್ನಯ್ಯನ ನಗು ಇಳಿಯಿತು.

"ಏನ್ ಮಾಡ್ಲಿರಿ ಭಟ್ರ?" ಎಂದು ಕೇಳಿದ.

ನನ್ನನ್ನು ಯಾಕೆ ಕೇಳುತ್ತೀಯೋ ಎಂದು ಕೂಗಬೇಕೆನಿಸಿತು.

ವಿನೋದ ಹೆಲ್ಮೆಟ್ ಹಾಕಿಕೊಂಡು ಬಂದ. ಹಿಂದೆ ಅವನ ಊರಿನ ನಾಲ್ಕಾರು ಜನ. "ಆತೇನ ಅಣ್ಣಾ?"

"ಇಲ್ಲ" ಎಂದ ಚನ್ನಯ್ಯ. "ಗಾಡಿ ಸರಿ ಇಲ್ಲ. ಏರಬ್ಯಾಡ."

"ಸ್ವಲ್ಪ ತಿರುವಿದ್ರ ಆಗೂದಿಲ್ಲೇನ?"

"ಆಗೂದಿಲ್ಲ. ಈ ಶಾಕಪ್ ನನ್ನ ಕೈಲಿ ಆಗೂದಿಲ್ಲ."

ವಿನೋದ ಕಾದ. ಅಣ್ಣನ ಮಾತಿಗೆ ಯಾವಾಗಲೂ ಒಂದು ಬಾಲ ಇರುತ್ತಿತ್ತು, ಅದು ಬರಲಿ ಎಂದು ಕಾದ. ಬರಲಿಲ್ಲ. ಹಿಂದಿದ್ದವರಲ್ಲಿ ಒಬ್ಬ, "ಇಷ್ಟ್ ವರ್ಷ ಶಾಕಪ್ ಶಾಕಪ್ ಅಂದ್ರಿ, ಇದೊಂದು ಬರ್ಲಿಲ್ಲೇನ್ರಿ?" ಎಂದು ನಕ್ಕ. ಬರಲಿಲ್ಲ ಎಂದು ಚನ್ನಯ್ಯ ತಲೆಯಾಡಿಸಿದ. ವಿನೋದನ ಕೈ ಸೀಟಿನ ಕಡೆ ಹೋಯಿತು. ಒಮ್ಮೆ ಒತ್ತಿ ನೋಡಿದ್ದರೆ ಸಾಕಿತ್ತು, ಅವನಿಗೂ ತಿಳಿಯುತ್ತಿತ್ತು. ಒತ್ತಲಿಲ್ಲ. ಅಣ್ಣನ ಮುಖವನ್ನೊಮ್ಮೆ ನೋಡಿ, ಕೈ ಹಿಂದಕ್ಕೆ ತೆಗೆದು, ಹೆಲ್ಮೆಟ್ ಬಿಚ್ಚಿದ.

ವಾಪಸು ಟೆಂಪೋ ಹತ್ತಿದೆವು. ಚನ್ನಯ್ಯ ಮಾಡಿದ್ದು ಸರಿಯೋ ತಪ್ಪೋ ಎಂದು ನಾನು ಬನವಾಸಿಯಿಂದ ಶಿರಸಿಯವರೆಗೆ ಯೋಚಿಸಿದೆ. ತಮ್ಮನ ಆಸೆ ದೊಡ್ಡದೋ, ಅವನ ಹೆಂಡತಿಯ ಹೆದರಿಕೆ ದೊಡ್ಡದೋ? ಸರಿ ಇರುವ ಗಾಡಿಯನ್ನು ಸರಿ ಇಲ್ಲವೆನ್ನುವುದು ಎಂಥ ಪುಣ್ಯ? ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿ, "ಪಾಪ" ಎಂದಳು. ಯಾರು ಪಾಪ ಎಂದು ನಾನು ಕೇಳುವಷ್ಟರಲ್ಲಿ ಒಳಗೆ ಹೋಗಿದ್ದಳು.

ಚನ್ನಯ್ಯನಿಗೆ ಜಪಾನಿ ಶಾಕಪ್ ಬರಲಿಲ್ಲವಂತೆ ಎನ್ನುವ ಸುದ್ದಿ ಅವನಿಗಿಂತ ಮೊದಲೇ ಪೇಟೆ ಮುಟ್ಟಿತ್ತು. ಮತ್ತಿಘಟ್ಟದ ಕಡೆಯ ಕೆಲವರು ಬೇರೆ ಗ್ಯಾರೇಜು ಹುಡುಕಿಕೊಂಡರು. ವಿನೋದ ಒಂದು ವಾರ ಮುಖ ಊದಿಸಿಕೊಂಡಿದ್ದ, ಗಾಡಿಯನ್ನು ಮತ್ತೆ ಏರಲೇ ಇಲ್ಲ. ಅಣ್ಣನಿಗೇ ಆಗದ್ದು ಇನ್ಯಾರಿಗೆ ಆಗುತ್ತದೆ ಎಂದು, ಮಳೆಗಾಲ ಕಳೆದ ಮೇಲೆ ಗಾಡಿ ಮಾರುವುದಕ್ಕೆ ಇಟ್ಟ. ಅಷ್ಟರಲ್ಲಿ ಅವನ ಬಲಗೈ ಮೇಲಿನ ಹಲಗೆಯ ಡಬ್ಬಿ ತೆಗೆಯುವಷ್ಟು ಏಳುತ್ತಿತ್ತು.

ಕೊಳ್ಳಲು ಮಂಗಳೂರಿನಿಂದ ಒಬ್ಬ ಟೆಂಪೋ ತೆಗೆದುಕೊಂಡು ಬಂದ. ಗುಡಿಯ ಜಗಲಿಯಲ್ಲಿ ಕೂತಿದ್ದ ನಾನೂ ರಸ್ತೆ ದಾಟಿ ಹೋದೆ. ಗ್ಯಾರೇಜಿನಲ್ಲಿ ಮೂರ್ನಾಲ್ಕು ಜನ ಗಿರಾಕಿಗಳಿದ್ದರು. ಆತ ಗಾಡಿ ಹತ್ತಿ ಹಿಂದಿನ ಹುಲ್ಲುಬೇಣದಲ್ಲಿ ಎರಡು ಸುತ್ತು ಹಾಕಿ ಬಂದ, ದಿಬ್ಬದ ಮೇಲೆ ಹಾರಿಸಿಯೂ ನೋಡಿದ. ಇಳಿದವನೇ, "ಮಾರಾಯ್ರೆ, ಹಿಂದಿನ ಶಾಕ್ ಸೆಟ್ ಮಾಡಿದ್ದು ಯಾರು? ಭಾರೀ ಲಾಯ್ಕ ಉಂಟು" ಎಂದ.

ಗೀತಾ ಬಾಗಿಲಲ್ಲಿ ನಿಂತಿದ್ದಳು. ಚನ್ನಯ್ಯ ಕೈ ಒರೆಸುವ ಬಟ್ಟೆ ಹುಡುಕತೊಡಗಿದ. ಅದು ಅವನ ಹೆಗಲ ಮೇಲೇ ಇತ್ತು.

ವಿನೋದ ಗಾಡಿಯ ಹತ್ತಿರ ಬಂದ. ಸೀಟಿನ ಮೇಲೆ ಎರಡೂ ಅಂಗೈ ಇಟ್ಟು ಒತ್ತಿ ಬಿಟ್ಟ. ಗಾಡಿ ಎದ್ದು ನಿಂತದ್ದನ್ನು ನೋಡಿದ. ಇನ್ನೊಮ್ಮೆ ಒತ್ತಿದ. ಅಣ್ಣನನ್ನು ನೋಡಿದ, ಬಾಗಿಲಲ್ಲಿದ್ದ ಹೆಂಡತಿಯನ್ನು ನೋಡಿದ. ಈಗ ಏನಾಗುತ್ತದೋ ಎಂದು ನಾನು ಗಣಪತಿಯನ್ನು ನೆನೆದೆ, ನೆನೆದು ಏನು ಕೇಳಬೇಕೆಂದು ತಿಳಿಯದೆ ಬಿಟ್ಟೆ.

"ನಮ್ಮಣ್ಣ" ಎಂದ ವಿನೋದ, ಎಲ್ಲರಿಗೂ ಕೇಳುವಂತೆ. "ನಮ್ಮಣ್ಣ ಸೆಟ್ ಮಾಡಿದ್ದು. ಆ ಸ್ಕ್ರೂ ಯಾರ ಕೈಗೂ ಕೊಡಬ್ಯಾಡ್ರಿ, ಹಂಗಾ ಇರ್ಲಿ."

ಗಾಡಿ ಕಟ್ಟಲು ಹಗ್ಗ ತರುತ್ತೇನೆ ಎಂದು ಚನ್ನಯ್ಯ ಒಳಗೆ ಹೋದ. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಹಗ್ಗ ಟೆಂಪೋದಲ್ಲೇ ಇತ್ತು.